ಚಿಕ್ಕಮ್ಮನ ಲ್ಯಾಬ್ ರೆಕಾರ್ಡ್

ಲ್ಯಾಬ್ ರೆಕಾರ್ಡ್ ಹೇಗೆ ಬರೀತೀವಿ ಅಂತ ನಮ್ಮೆಲ್ಲರಿಗೂ ಗೊತ್ತು. ಸೀನಿಯರ್‌ದು ತಗೊಂಡು, ರೀಡಿಂಗ್ ಸ್ವಲ್ಪ ಆಚೆ ಈಚೆ ಮಾಡಿ, ಗ್ರಾಫ್ ನೇರ ಬರೋ ಹಾಗೆ ನೋಡ್ಕೊಂಡು ಸಹಿ ಹಾಕಿಸೋದು. ಗ್ರಾಫ್ ಮೇಲೆ ಹೋದ್ರೆ ಸರಿ, ಕೆಳಗೆ ಬಂದ್ರೆ ಏನೋ ತಪ್ಪು. ಈ ಬುದ್ಧಿಯನ್ನೇ ಹೊತ್ಕೊಂಡು ನಾವು ಮೂವರು ಎರಡನೇ ಸೆಮ್ ಮುಗಿದ ರಜೆಯಲ್ಲಿ ಗಾಳಿಬೀಡಿಗೆ ಹೋದ್ವಿ. ಹತ್ತು ದಿನಕ್ಕೆ ಅಂತ ಹೋದವರು ಒಂದು ತಿಂಗಳು ಉಳಿದ್ವಿ.

ಗಾಳಿಬೀಡು ಮಡಿಕೇರಿ ಹತ್ತಿರದ ಊರು. ನವೋದಯ ಶಾಲೆಯಿಂದಾಗಿ ಹೆಸರು ಕೇಳಿರ್ತೀರಿ. ನಮ್ಮಲ್ಲಿ ಒಬ್ಬಳ ಮನೆ ಅಲ್ಲಿದೆ. ಮನೆಯೊಳಗೆ ಅರೆಭಾಷೆ, ನಾವಿದ್ದರೆ ನಮಗೋಸ್ಕರ ಕನ್ನಡ. ಅವಳ ಚಿಕ್ಕಮ್ಮ ನಮಗೂ ಚಿಕ್ಕಮ್ಮನೇ ಆದರು. ಅವರು ಹೈಸ್ಕೂಲಲ್ಲಿದ್ದಾಗ ಸ್ಕಿಜೋಫ್ರೇನಿಯಾ ಶುರುವಾಗಿ ಓದು ನಿಂತುಹೋಗಿತ್ತು. ಈಗ ನಲವತ್ತು ದಾಟಿದೆ. ಮಾತ್ರೆ ತಪ್ಪಿಸಲ್ಲ, ತೋಟದ ಕೆಲಸ ಮಾಡ್ತಾರೆ. ಓದು-ಬರಹ ಮಾತ್ರ ಕೈಬಿಟ್ಟಿದೆ. ಅವರ ಆಸೆ ಒಂದೇ: ಬ್ಯಾಂಕಲ್ಲಿ ದುಡ್ಡು ತೆಗೆಯೋ ಫಾರಂ ತಾನೇ ತುಂಬಬೇಕು. ಇದನ್ನು ಬರೆಯೋ ಮೊದಲು ಅವರನ್ನು ಕೇಳಿದ್ದೇವೆ. "ಬರೀರಿ, ಹೆಸರು ಬೇಡ" ಅಂದ್ರು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಕನ್ನಡ ಕಲಿಸೋಕೆ ಹೊರಟದ್ದೇ ಒಂದು ತಮಾಷೆ. ಮೊದಲ ದಿನವೇ ನಮ್ಮ 'ಅಕ್ಷರ'ದಲ್ಲಿ ಷ ಒತ್ತು ಎಲ್ಲಿ ಬರಬೇಕು ಅಂತ ನಮ್ಮಲ್ಲೇ ಜಗಳ. ಆದ್ರೂ ಪ್ಲಾನ್ ಭರ್ಜರಿಯಾಗಿತ್ತು. 15 ವರ್ಷ ಮೇಲ್ಪಟ್ಟವರಿಗಾಗಿ ಕೇಂದ್ರ ಸರ್ಕಾರದ 'ಉಲ್ಲಾಸ್' ಸಾಕ್ಷರತಾ ಕಾರ್ಯಕ್ರಮ ಇದೆಯಲ್ಲ, ಅದರ ಪರೀಕ್ಷೆಯಲ್ಲಿ ಓದು, ಬರಹ, ಲೆಕ್ಕ ಮೂರಕ್ಕೂ 50ರಂತೆ ಒಟ್ಟು 150 ಅಂಕ. ನಾವೂ ಅದೇ ಥರ ದಿನಕ್ಕೆ 30 ಅಂಕ ಇಟ್ವಿ. ಗೂಗಲ್ ಶೀಟ್, ಬಣ್ಣದ ಗ್ರಾಫ್, ಎಲ್ಲಾ ರೆಡಿ.

ಮೊದಲ ವಾರ ಗ್ರಾಫ್ ಏರಿತು. ನಮಗೆ ಎಷ್ಟು ಹೆಮ್ಮೆ ಅಂದ್ರೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ವಿ. ಎರಡನೇ ವಾರ 22 ಇದ್ದದ್ದು 9ಕ್ಕೆ ಬಿತ್ತು. ಗ್ರೂಪಲ್ಲಿ ಯಾರೋ "ಏನಾಯ್ತು, ಮಾತ್ರೆ ಬಿಟ್ಟಳಾ?" ಅಂತ ಕೇಳಿದರು. ಆ ಮಾತು ಚಿಕ್ಕಮ್ಮನ ಕಿವಿಗೂ ಬಿತ್ತು. ಮರುದಿನ ಅವರು ಪಾಠಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಲೆ ಮುಂದೆ ಕೂತು, ನಾವು ಹೋದ್ರೆ ಎದ್ದು ಹೋಗೋರು.

ನಮ್ಮ ಇಂಟರ್ನಲ್ಸ್ ಮಾರ್ಕ್ಸನ್ನ ಯಾರಾದ್ರೂ ಊರಿಗೆಲ್ಲ ಕಳಿಸಿದ್ರೆ ನಾವು ಸುಮ್ನಿರ್ತಿದ್ವಾ? ಇಲ್ಲಿ ಹೋದದ್ದು ಬರೀ ಮಾರ್ಕ್ಸ್ ಅಲ್ಲ, ಒಬ್ಬರ ಕಾಯಿಲೆಯ ಸುದ್ದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೌಪ್ಯತೆಯನ್ನು ರೋಗಿಯ ಹಕ್ಕು ಅನ್ನುತ್ತೆ. ಅದನ್ನು ನಾವು ಓದಿದ್ದು ಆಮೇಲೆ. ಓದಿರದಿದ್ರೂ ಗೊತ್ತಿರಬೇಕಿತ್ತು. ಶೀಟ್ ಡಿಲೀಟ್ ಮಾಡಿ, ಹೋಗಿ ತಪ್ಪಾಯ್ತು ಅಂದ್ವಿ. ಅವರು ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಮಾರ್ಕ್ಸ್ ಇಲ್ದೆ ಹೇಳಿಕೊಡೋಕೆ ಬರುತ್ತಾ ನಿಮಗೆ?" ಅಂದ್ರು.

ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ವೈದ್ಯರು ಬಳಸೋ 'ಐಡಿಯಾಸ್' ಅನ್ನೋ ಅಳತೆಗೋಲು ಇದೆ. ತನ್ನ ಆರೈಕೆ, ಜನರ ಜೊತೆ ಒಡನಾಟ, ಮಾತು ಮತ್ತು ಅರ್ಥ ಮಾಡ್ಕೊಳ್ಳೋದು, ಕೆಲಸ, ಹೀಗೆ ನಾಲ್ಕು ವಿಷಯಕ್ಕೆ 0ರಿಂದ 4ರವರೆಗೆ ಅಂಕ. ಅದು ತೊಂದರೆ ಎಷ್ಟಿದೆ ಅಂತ ಅಳೆಯೋಕೆ. ನಿನ್ನೆಗಿಂತ ಇವತ್ತು ಏನು ಬಂತು ಅಂತ ಬರೆಯೋಕೆ ಬೇರೆ ಏನಾದ್ರೂ ಬೇಕಿತ್ತು.

ಕೊನೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್. ಅದು ಚಿಕ್ಕಮ್ಮನ ಹತ್ತಿರವೇ ಇರುತ್ತೆ, ಅವರು ತೋರಿಸಿದ್ರೆ ಮಾತ್ರ ನಾವು ನೋಡೋದು. ಕಾಲಂಗಳೂ ಅವರದೇ: ತಾರೀಖು, ಮಳೆ, ನಿದ್ದೆ, ಏನು ಮಾಡಿದೆ. "ಇವತ್ತು ಬೇಡ" ಅಂತ ಬರೆದರೂ ಅದೊಂದು ಎಂಟ್ರಿ. ಬೆಳಗ್ಗೆ ಮಾತ್ರೆಯ ಮಂಪರು ಇರುತ್ತೆ ಅಂತ ಪಾಠ ಸಂಜೆಗೆ ಹೋಯ್ತು. ಇಪ್ಪತ್ತು ನಿಮಿಷ ಸಾಕು ಅಂತಾಯ್ತು.

ಮೂರನೇ ವಾರ ಅವರೇ ಪುಸ್ತಕ ಮುಂದಿಟ್ಟರು. 'ಮಳೆ ಜೋರು' ಅಂತಿದ್ದ ಕಡೆಯೆಲ್ಲ ಪಕ್ಕದಲ್ಲಿ 'ನಿದ್ದೆ ಇಲ್ಲ'. ಅದರ ಮುಂದೆ 'ಇವತ್ತು ಬೇಡ'. 2018ರ ಆಗಸ್ಟಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದದ್ದು ನಮಗೆ ಟಿವಿಯಲ್ಲಿ ನೋಡಿದ ಸುದ್ದಿ. ಅವರಿಗೆ ರಾತ್ರಿ ಮಳೆಯ ಸದ್ದು ಬಂದರೆ ಇವತ್ತಿಗೂ ಎದ್ದು ಕೂರೋ ಹೆದರಿಕೆ. 9 ಅಂಕದ ಆ ವಾರವೂ ಹಗಲು ರಾತ್ರಿ ಸುರಿದಿತ್ತು. ನಮ್ಮ ಶೀಟಲ್ಲಿ ಮಳೆಗೆ ಕಾಲಂ ಇರಲೇ ಇಲ್ಲ.

ಮುಂದಿನ ಸಲ ಮಡಿಕೇರಿಗೆ ಔಷಧಿಗೆ ಹೋದಾಗ ಈ ಪುಟಗಳನ್ನು ಡಾಕ್ಟರಿಗೆ ತೋರಿಸ್ತೀನಿ ಅಂತ ಅವರೇ ಅಂದ್ರು.

ಹಾಸ್ಟೆಲಲ್ಲಿ ನಿದ್ದೆ ಬಾರದೆ ಕೂತವರು ನಮ್ಮಲ್ಲೂ ಇದ್ದಾರೆ. ಟೆಲಿ ಮಾನಸ್ ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಟೆಂಡೆನ್ಸ್ 85% ಇದೆಯಾ ಅಂತ ಕೇಳೋ ನಾವು, ರಾತ್ರಿ ನಿದ್ದೆ ಬಂತಾ ಅಂತಲೂ ಒಬ್ಬರನ್ನೊಬ್ಬರು ಕೇಳಬಹುದು.

ನಾವು ಹೊರಡೋ ಹಿಂದಿನ ದಿನ ಚಿಕ್ಕಮ್ಮ ಬ್ಯಾಂಕಿಗೆ ಹೋದ್ರು. ನಾವು ಬಾಗಿಲ ಹತ್ತಿರ ನಿಂತಿದ್ವಿ. ತಾರೀಖು ಬರೆಯೋ ಜಾಗದಲ್ಲಿ ಖಾತೆ ನಂಬರ್ ಬರೆದು ಫಾರಂ ವಾಪಸ್ ಬಂತು. ನಮ್ಮಲ್ಲೊಬ್ಬಳು ಒಳಗೆ ಹೋಗೋಕೆ ಹೊರಟಳು, ಇನ್ನೊಬ್ಬಳು ಕೈ ಹಿಡಿದು ನಿಲ್ಲಿಸಿದಳು. ಚಿಕ್ಕಮ್ಮ ಸ್ವಲ್ಪ ಹೊತ್ತು ಅಲ್ಲೇ ನಿಂತು, ಮತ್ತೆ ಕೌಂಟರಿಗೆ ಹೋದ್ರು.

ಅವತ್ತು ರಾತ್ರಿ ನೋಟ್‌ಬುಕ್ಕಲ್ಲಿ ಬರೆದದ್ದನ್ನ ನಮಗೆ ತೋರಿಸಿದರು. ದುಡ್ಡು ತೆಗೆದ ವಿಷಯವೇ ಇರಲಿಲ್ಲ. ಇದ್ದದ್ದು ಇಷ್ಟು: "ಮಳೆ ಸ್ವಲ್ಪ. ನಿದ್ದೆ ಬಂತು. ಇನ್ನೊಂದು ಫಾರಂ ಕೊಡಿ ಅಂತ ನಾನೇ ಕೇಳಿದೆ."