ಬಡಿತ ನೆಟ್ಟಗಾದರೆ ಸಾಕೇ?

ನಡುವೆ ಒಂದು ಬಡಿತ ತಾಳ ತಪ್ಪಿ ಎದೆ ಧಸಕ್ಕೆಂದರೆ ಯಾರಿಗಾದರೂ ಗಾಬರಿಯೇ. ಹೃದಯಾಘಾತವಾಗಿ ಚೇತರಿಸಿಕೊಂಡ ನಮ್ಮ ಯಜಮಾನರ ಇ.ಸಿ.ಜಿ.ಯಲ್ಲಿ ಇಂಥ ಬಡಿತಗಳು ಕಂಡವು. "ಇದಕ್ಕೊಂದು ಮಾತ್ರೆ ಬರೆದುಕೊಡಿ ಡಾಕ್ಟ್ರೇ" ಅಂದೆ. ಅವರು, "ಈಗಿರೋ ಮಾತ್ರೆಗಳು ನಡೀಲಿ. ಬರೀ ಈ ಬಡಿತ ಅಡಗಿಸೋಕೆ ಅಂತ ಇನ್ನೊಂದು ಬೇಡಮ್ಮ. ಅಮೆರಿಕದಲ್ಲಿ ಅದರಿಂದ ಜನ ಸತ್ತಿದ್ದಾರೆ" ಅಂದರು. ಆ ಸಂಗತಿ ತಿಳಿದ ಮೇಲೆ ನಿಮಗೂ ಹೇಳಬೇಕೆನ್ನಿಸಿತು.

ಎನ್‌ಕೈನೈಡ್ ಎಂಬ ಮಾತ್ರೆಗೆ ಅಮೆರಿಕ ಸರ್ಕಾರ 1986ರಲ್ಲಿ ಒಪ್ಪಿಗೆ ಕೊಟ್ಟಿತು. ಹೃದಯಾಘಾತವಾದವರಿಗೆ ಹೀಗೆ ತಾಳ ತಪ್ಪುವುದು ಹೆಚ್ಚಿದ್ದರೆ ಹಠಾತ್ ಸಾವಿನ ಭಯವೂ ಹೆಚ್ಚು. ಅದನ್ನು ಅಡಗಿಸಿದರೆ ಸಾವೂ ತಪ್ಪೀತು ಎಂಬುದು ಆಗಿನ ಲೆಕ್ಕ. ಮಾತ್ರೆ ನುಂಗಿದರೆ ಇ.ಸಿ.ಜಿ. ಗೆರೆ ನೆಟ್ಟಗೆ ಬರುತ್ತಿತ್ತು. ಇನ್ನೇನು ಬೇಕು ಹೇಳಿ?

ಆದರೂ ಪರೀಕ್ಷಿಸಿಯೇ ನೋಡೋಣವೆಂದು 1987ರಲ್ಲಿ 'ಕ್ಯಾಸ್ಟ್' ಎಂಬ ದೊಡ್ಡ ಪ್ರಯೋಗ ಶುರುವಾಯಿತು. ಮಾತ್ರೆಯಿಂದ ಬಡಿತ ಹತೋಟಿಗೆ ಬಂದವರನ್ನೇ ಆರಿಸಿಕೊಂಡರು. ಸುಮಾರು ಅರ್ಧ ಜನಕ್ಕೆ ಎನ್‌ಕೈನೈಡ್ ಇಲ್ಲವೇ ಅದೇ ಜಾತಿಯ ಫ್ಲೆಕೈನೈಡ್. ಉಳಿದವರಿಗೆ ನೋಡಲು ಹಾಗೇ ಇರುವ, ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ. 1989ರ ಏಪ್ರಿಲ್‌ನಲ್ಲಿ ಈ ಎರಡೂ ಮಾತ್ರೆಗಳನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಕೊನೆಗೆ ಲೆಕ್ಕ ಹಾಕಿದಾಗ, ಔಷಧಿ ತೆಗೆದುಕೊಂಡ 755 ಜನರಲ್ಲಿ 63 ಮಂದಿ ತೀರಿಕೊಂಡಿದ್ದರು. ಔಷಧಿಯಿಲ್ಲದ ಮಾತ್ರೆಯ 743 ಜನರಲ್ಲಿ 26 ಮಂದಿ. ಸಣ್ಣಪುಟ್ಟ ಬಡಿತ ಅಡಗಿಸಿದ ಔಷಧಿಯೇ ಪೆಟ್ಟು ತಿಂದ ಹೃದಯದಲ್ಲಿ ಜೀವ ತೆಗೆಯುವಂಥ ಬಡಿತ ಎಬ್ಬಿಸುತ್ತಿತ್ತು. ಕುಕ್ಕರು ಕೂಗಬಾರದೆಂದು ವೆಯ್ಟನ್ನು ಒತ್ತಿ ಹಿಡಿದ ಹಾಗೆ. ಸದ್ದೇನೋ ನಿಂತಿತು, ಒಳಗಿನ ಒತ್ತಡ?

1991ರಲ್ಲಿ ಎನ್‌ಕೈನೈಡ್ ಮಾರುಕಟ್ಟೆಯಿಂದ ಹೋಯಿತು. ಫ್ಲೆಕೈನೈಡ್ ಇಂದಿಗೂ ಇದೆ, ಆದರೆ ಹೃದಯಾಘಾತವಾದವರಿಗೆ ಅದು ಸಲ್ಲದು.

ಆ ಮನೆಗಳಲ್ಲೂ ಯಾರೋ ಹೆಂಡತಿ ಹೊತ್ತಿಗೆ ಸರಿಯಾಗಿ ಮಾತ್ರೆ, ನೀರು ಕೈಗಿಟ್ಟಿರಬೇಕಲ್ಲವೇ ಎಂದು ನೆನೆದರೆ ಸಂಕಟವಾಗುತ್ತದೆ. ಆ ಪ್ರಯೋಗ ನಡೆಯದಿದ್ದರೆ ಇನ್ನೆಷ್ಟು ಮನೆಗಳಲ್ಲಿ ಹೀಗಾಗುತ್ತಿತ್ತೋ!

ಹಾಗಂತ ಈಗ ನಡೆಯುತ್ತಿರುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಪಕ್ಕದ ಮನೆಯವರ ಮಾತ್ರೆ ತಂದು ನುಂಗಲೂ ಬೇಡಿ. ಎದೆಬಡಿತದ ಜೊತೆ ತಲೆಸುತ್ತು, ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹೊಸ ಮಾತ್ರೆ ಬರೆದಾಗ ಮಾತ್ರ ಸಂಕೋಚಪಡದೆ ಕೇಳಿ: "ಡಾಕ್ಟ್ರೇ, ಇದು ರಿಪೋರ್ಟ್ ಸರಿಹೋಗೋಕೋ, ಮನುಷ್ಯ ಬದುಕೋಕೋ?"