ಆಕಾಶದಲ್ಲೂ ನಲ್ಲಿಗೆ ಮೋಟಾರ್

ಹೆಬ್ಬಾಳದಲ್ಲಿ ಬಾಡಿಗೆ ಮನೆ ಹುಡುಕೋರು ಬಾಡಿಗೆ ಎಷ್ಟು ಅಂತ ಕೇಳೋಕೂ ಮುಂಚೆ ಕೇಳೋ ಪ್ರಶ್ನೆ ಒಂದಿದೆ: "ನೀರು ಹೇಗೆ?" (ನಮ್ಮ ಮೈಸೂರಿನ ಹೆಬ್ಬಾಳ ಕಣ್ರೀ, ಬೆಂಗಳೂರಿನ ಫ್ಲೈಓವರ್ ಹೆಬ್ಬಾಳ ಅಲ್ಲ.) ಬೀದಿ ಪೈಪಿನಲ್ಲಿ ನೀರು ಬರೋ ಹೊತ್ತಿಗೆ ಯಾರೋ ಒಬ್ಬರು ನಲ್ಲಿಗೆ ನೇರವಾಗಿ ಮೋಟಾರ್ ಹಚ್ಚಿದ್ರೆ ಸಾಕು, ಉಳಿದ ಮನೆಗಳ ಬಕೆಟ್ಟಿಗೆ ಬರೋದು ಬರೀ ಗಾಳಿ. ಮೋಟಾರ್ ಹಚ್ಚಿದವರು ಕೆಟ್ಟವರೇ ಆಗಿರಬೇಕು ಅಂತೇನಿಲ್ಲ. ಅವರ ಸಂಪು ತುಂಬ್ತಾ ಇದೆ, ಪಕ್ಕದ ಮನೆ ಬಕೆಟ್ ಅವರಿಗೆ ಕಾಣಿಸಲ್ಲ, ಅಷ್ಟೇ.

ನನ್ನ ಹವ್ಯಾಸದಲ್ಲೂ ಇದೇ ಜಗಳ ಇದೆ. ಹವ್ಯಾಸ ಅಂದ್ರೆ ಹ್ಯಾಮ್ ರೇಡಿಯೊ. ಜಗಳ ಇರೋದು ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತೋ ಪುಟ್ಟ ಉಪಗ್ರಹಗಳ ಮೇಲೆ.

ರೇಡಿಯೊ ಹುಚ್ಚು ಮೈಸೂರಿಗೆ ಹೊಸದೇನಲ್ಲ. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಶುರು ಮಾಡಿದ ಸ್ಟೇಷನ್ನಿಗೇ 'ಆಕಾಶವಾಣಿ' ಅನ್ನೋ ಹೆಸರು ಬಂದಿದ್ದು. ಅಲ್ಲಿ ಮಾತಾಡೋರು ಒಬ್ಬರು, ಕೇಳೋರು ಸಾವಿರ ಜನ. ಹ್ಯಾಮ್ ಉಪಗ್ರಹದಲ್ಲಿ ಹಾಗಲ್ಲ, ಎಲ್ಲರಿಗೂ ಮಾತಾಡಬೇಕು. ಹಂಚಿಕೊಳ್ಳೋ ತಲೆನೋವು ಶುರುವಾಗೋದೇ ಅಲ್ಲಿಂದ.

ನಮ್ಮದೇ ಉದಾಹರಣೆ ತಗೊಳ್ಳಿ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6 ರಾಕೆಟ್ ಕಾರ್ಟೊಸ್ಯಾಟ್-1ರ ಜೊತೆ ಇನ್ನೊಂದು ಪುಟ್ಟ ಉಪಗ್ರಹವನ್ನೂ ಹೊತ್ತು ಹಾರಿತು. ಅದೇ ಇಸ್ರೋದ ಹ್ಯಾಮ್‌ಸ್ಯಾಟ್, ತೂಕ 42.5 ಕಿಲೋ. ಹ್ಯಾಮ್‌ಗಳ ಬಾಯಲ್ಲಿ ಅದು ವಿಓ-52. ಅದರೊಳಗೆ ಎರಡು ಟ್ರಾನ್ಸ್‌ಪಾಂಡರ್ ಇದ್ದವು. ಒಂದು ಇಲ್ಲಿಯದು, ಇನ್ನೊಂದನ್ನು ಮಾಡಿದ್ದು ನೆದರ್‌ಲ್ಯಾಂಡ್ಸ್‌ನ ಒಬ್ಬ ವಿದ್ಯಾರ್ಥಿ. ಒಂಬತ್ತು ವರ್ಷ ಕೆಲಸ ಮಾಡಿ, ಬ್ಯಾಟರಿ ಕೈಕೊಟ್ಟು 2014ರ ಜುಲೈನಲ್ಲಿ ಸುಮ್ಮನಾಯಿತು.

ಅಂಥ ಟ್ರಾನ್ಸ್‌ಪಾಂಡರ್ ತನಗೆ ಕೇಳಿಸಿದ 60 ಕಿಲೋಹರ್ಟ್ಸ್ ಅಗಲದ ಒಂದು ಪಟ್ಟಿಯನ್ನ ಹಾಗೇ ಎತ್ತಿ ಕೆಳಗೆ ಕಳಿಸುತ್ತೆ. ಒಂದು ಮಾತಿಗೆ 3 ಕಿಲೋಹರ್ಟ್ಸ್ ಬೇಕು ಅಂದ್ರೂ ಲೆಕ್ಕದಲ್ಲಿ 20 ಸಂಭಾಷಣೆಗೆ ಜಾಗ ಇದೆ. ಜಾಗ ಇದೆ, ಶಕ್ತಿ ಇಲ್ಲ. ಅದರ ಒಟ್ಟು ಪ್ರಸಾರ ಶಕ್ತಿ ನಮ್ಮನೆ ಎಲ್‌ಇಡಿ ಬಲ್ಬಿಗಿಂತ ಕಮ್ಮಿ. ಆ ಚೂರುಪಾರನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಒಬ್ಬರು ದೊಡ್ಡ ಆಂಟೆನಾ, ಜಾಸ್ತಿ ವ್ಯಾಟ್ ಇಟ್ಟು ಕೂಗಿದ್ರೆ, ಅಷ್ಟು ಜೋರು ತಡೆಯಲಾರದೆ ಉಪಗ್ರಹ ತನ್ನ ಕಿವಿಯನ್ನ ತಾನೇ ತಗ್ಗಿಸಿಕೊಳ್ಳುತ್ತೆ. ಆಗ ಉಳಿದವರೆಲ್ಲರ ದನಿಯೂ ಕುಗ್ಗುತ್ತೆ. ನಲ್ಲಿಗೆ ಮೋಟಾರ್ ಅಂದಿದ್ದು ಇದಕ್ಕೇ.

ಎಫ್‌ಎಂ ಉಪಗ್ರಹಗಳ ಕಥೆ ಇನ್ನೂ ಕಷ್ಟ. 2002ರ ಡಿಸೆಂಬರ್‌ನಲ್ಲಿ ಹಾರಿದ ಸೌದಿಯ ಎಸ್‌ಓ-50ರಲ್ಲಿ ಇರೋದು ಒಂದೇ ಚಾನೆಲ್. ಒಂದು ಹೊತ್ತಿಗೆ ಒಬ್ಬರೇ ಮಾತಾಡೋಕೆ ಸಾಧ್ಯ. ಇಬ್ಬರು ಒಟ್ಟಿಗೆ ಕೂಗಿದ್ರೆ ಜೋರಾಗಿ ಇರೋರೇ ಗೆಲ್ಲೋದು. ನಮ್ಮ ಆಕಾಶದಲ್ಲಿ ಅದು ಸಿಗೋದು ಒಂದು ಸುತ್ತಿಗೆ ಹೆಚ್ಚೆಂದ್ರೆ 10–15 ನಿಮಿಷ.

ನಮ್ಮ ಓನರ್ ಮಗಳು ಪಿಯುಸಿ ಓದ್ತಾಳೆ. ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡಳು, ಕೈಯಲ್ಲಿ 5 ವ್ಯಾಟ್‌ನ ವಾಕಿಟಾಕಿ, ಸ್ಟೀಲ್ ಟೇಪಿನಲ್ಲಿ ತಾನೇ ಕಟ್ಟಿದ ಆಂಟೆನಾ. ಯಾವುದೋ ಸ್ಪರ್ಧೆಯ ವಾರಾಂತ್ಯದಲ್ಲಿ ನಾಲ್ಕು ಸಲ ಟೆರೇಸ್ ಹತ್ತಿದಳು. ನಾಲ್ಕೂ ಸಲ ಒಂದೇ ಗಟ್ಟಿ ದನಿ, ಒಬ್ಬರಾದ ಮೇಲೆ ಒಬ್ಬರನ್ನ ಲಾಗ್ ಬುಕ್ಕಿಗೆ ಸೇರಿಸ್ತಾ ಹೋಯಿತು. ಇವಳ ಕರೆ ಒಂದು ಸಲವೂ ಕೆಳಗೆ ಬರಲಿಲ್ಲ. ಇಳಿದು ಬಂದು ಕೇಳಿದ್ದು ಇಷ್ಟೇ: "ಅಣ್ಣ, ಹಾಗಾದ್ರೆ ನಂಗೂ ದೊಡ್ಡ ಆಂಟೆನಾ ಬೇಕಾ?"

ಆ ಪ್ರಶ್ನೆ ನನ್ನನ್ನ ಕಾಡ್ತು. ಯಾಕಂದ್ರೆ ಜೋರು ಸ್ಟೇಷನ್ನು ಅವಳಿಗೆ ಕಲಿಸಿದ ಪಾಠ ಅದೇ. ಅವಳು ಜೋರಾದ್ರೆ ಇನ್ನೊಬ್ಬರು ಇನ್ನೂ ಜೋರಾಗ್ತಾರೆ. ಬೀದಿಯ ಎಲ್ಲ ಮನೆಯವರೂ ಮೋಟಾರ್ ತಂದ್ರೂ ಪೈಪಿನಲ್ಲಿ ಬರೋ ನೀರು ಅಷ್ಟೇ ಅಲ್ವಾ? ಕೊನೆಗೆ ಮೋಟಾರ್ ಕೊಳ್ಳೋಕೆ ಆಗದವರು ನಲ್ಲಿ ಹತ್ತಿರ ಬರೋದನ್ನೇ ಬಿಡ್ತಾರೆ.

ಮೇಲೆ ಲೈನ್‌ಮ್ಯಾನ್ ಇಲ್ಲ, ಯಾರ ಕನೆಕ್ಷನ್ನೂ ಕತ್ತರಿಸೋಕೆ ಆಗಲ್ಲ. ಹಾಗಂತ ಎಲ್ಲವನ್ನೂ ಒಳ್ಳೇತನಕ್ಕೆ ಬಿಡಬೇಕಾಗಿಯೂ ಇಲ್ಲ. ಅಮೆರಿಕ, ಕೆನಡಾದ ಹ್ಯಾಮ್‌ಗಳು ಜೂನ್‌ನ ನಾಲ್ಕನೇ ಪೂರ್ಣ ವಾರಾಂತ್ಯದಲ್ಲಿ 'ಫೀಲ್ಡ್ ಡೇ' ಮಾಡ್ತಾರೆ. ಟೆಂಟು, ಜನರೇಟರು, ಬ್ಯಾಟರಿ, ಒಂದು ರೀತಿ ಜಾತ್ರೆ. ಉಪಗ್ರಹದ ಮೂಲಕ ಒಂದು ಸಂಪರ್ಕ ಆದ್ರೆ 100 ಬೋನಸ್ ಅಂಕ. ಹೀಗಂದ್ಮೇಲೆ ಎಲ್ಲರೂ ಮುಗಿಬೀಳ್ತಾರೆ ತಾನೆ? ಅದಕ್ಕೇ ಒಂದು ನಿಯಮ ಇದೆ: ಒಂದೇ ಚಾನೆಲ್ ಇರೋ ಎಫ್‌ಎಂ ಉಪಗ್ರಹದಲ್ಲಿ ಒಂದು ಸ್ಟೇಷನ್ನಿಗೆ ಒಂದೇ ಸಂಪರ್ಕ. ಎರಡನೆಯದಕ್ಕೆ ಲೆಕ್ಕ ಇಲ್ಲ.

ನನಗೆ ಈ ನಿಯಮ ಯಾಕೆ ಇಷ್ಟ ಅಂದ್ರೆ, ಅದು ಯಾರ ಗುಣವನ್ನೂ ಅಳೆಯೋಕೆ ಹೋಗಲ್ಲ. ದುರಾಸೆ ಬಿಡಿ ಅನ್ನಲ್ಲ, ಜಾಸ್ತಿ ಮಾತಾಡಿದ್ರೆ ಸಿಗೋ ಲಾಭವನ್ನೇ ತೆಗೆದುಬಿಡುತ್ತೆ. ಮದುವೆ ಮನೆ ಪಂಕ್ತಿ ಥರ: ಊಟ ಆಯ್ತಾ, ಎದ್ದೇಳಿ, ಮುಂದಿನ ಪಂಕ್ತಿಯವರು ನಿಂತಿದ್ದಾರೆ.

ನಿಯಮ ಮುಟ್ಟದ ಕಡೆ ಅಭ್ಯಾಸ ಬೇಕು. ಹಳಬರು ಹೇಳೋ ಅಳತೆ ಸುಲಭವಾಗಿದೆ. ಉಪಗ್ರಹ ತನ್ನದೇ ಒಂದು ಗುರುತಿನ ಸಂಕೇತ ಕಳಿಸ್ತಾ ಇದ್ರೆ, ನಿಮ್ಮ ದನಿ ಅದಕ್ಕಿಂತ ಜೋರಾಗಿ ವಾಪಸ್ ಬರಬಾರದು. ಬಂದ್ರೆ ವ್ಯಾಟ್ ಇಳಿಸಿ. ಇದಕ್ಕೆ ಮಾತಾಡುವಾಗಲೇ ಇನ್ನೊಂದು ಕಿವಿಯಲ್ಲಿ ನಿಮ್ಮ ದನಿಯನ್ನೇ ಕೇಳಿಸ್ಕೋಬೇಕು. ಉಪಗ್ರಹದ ದನಿಯೇ ಕೇಳಿಸ್ತಿಲ್ವಾ, ಮೈಕ್ ಮುಟ್ಟಬೇಡಿ. ಮ್ಯೂಟ್ ಮಾಡದೆ ಮೀಟಿಂಗ್‌ನಲ್ಲಿ ಕೂತಿರೋ ಸಹೋದ್ಯೋಗಿಗೆ ನಾವು ಹೇಳೋದೂ ಇದನ್ನೇ ಅಲ್ವಾ.

ಆ ಹುಡುಗಿಗೆ ದೊಡ್ಡ ಆಂಟೆನಾ ಬೇಡ ಅಂದೆ. ಸ್ಪರ್ಧೆ ಮುಗಿದ ಮೇಲೆ ಒಂದು ಬೆಳಗ್ಗೆ ಮತ್ತೆ ಹತ್ತಿದೆವು. ಚಾನೆಲ್ ತುಂಬಾ ಜನ. ಅಷ್ಟರಲ್ಲಿ ಒಂದು ಗಟ್ಟಿ ಸ್ಟೇಷನ್ ನಡುವೆ ಬಂದು, "ಯಾರೋ ಸಣ್ಣ ದನಿ ಕೇಳಿಸ್ತಿದೆ, ಎಲ್ಲರೂ ಒಂದು ನಿಮಿಷ ತಡೀರಿ" ಅಂತ ಇಂಗ್ಲಿಷಿನಲ್ಲಿ ಹೇಳಿತು. ಚಾನೆಲ್ ಗಪ್‌ಚಿಪ್. ಇವಳು ನಡುಗೋ ದನಿಯಲ್ಲಿ ತನ್ನ ಕರೆಸಂಕೇತ ಹೇಳಿದಳು. ಆ ಕಡೆಯಿಂದ ಅದೇ ಕರೆಸಂಕೇತ ಅಕ್ಷರ ತಪ್ಪದೆ ವಾಪಸ್ ಬಂತು.

ಉಪಗ್ರಹ ಮುಳುಗೋಕೆ ಇನ್ನೂ ಮೂರು ನಿಮಿಷ ಇತ್ತು. ಇನ್ನೊಬ್ಬರನ್ನ ಕರಿ ಅಂದೆ. "ಬೇಡ ಅಣ್ಣ, ಬೇರೆಯವರು ಕಾಯ್ತಿದ್ದಾರೆ" ಅಂತ ಮೈಕ್ ಕೆಳಗಿಟ್ಟು ಕೇಳ್ತಾ ಕೂತಳು.