ಕೊನೆಯ ಹೊಲಿಗೆ ಯಾವುದು?

ಕೌದಿಯ ಚಿತ್ರವೊಂದು ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಅದರ ಕೊನೆಯ ಹೊಲಿಗೆಯನ್ನು. ಬಣ್ಣ ಆಮೇಲೆ, ಅಳತೆ ಇನ್ನೂ ಆಮೇಲೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಲ್ಲೂ ತುಂಡಾಗದೆ ನೆಟ್ಟಗೆ ಹಾದುಹೋದ ಗೆರೆ ಯಾವುದೋ ಅದೇ ಕೊನೆಯದು. ಎರಡೂ ಪಕ್ಕ ಮೊದಲೇ ಸಿದ್ಧವಾಗಿದ್ದರೆ ಮಾತ್ರ ಅಷ್ಟುದ್ದಕ್ಕೆ ಒಂದೇ ಹೊಲಿಗೆ ಹಾಕಲು ಬರುತ್ತದೆ. ಆ ಗೆರೆಗುಂಟ ಚಿತ್ರವನ್ನು ಮನಸ್ಸಿನಲ್ಲೇ ಬಿಚ್ಚಿದರೆ ಎರಡು ಪಾಲು. ಪ್ರತಿ ಪಾಲಿನಲ್ಲೂ ಮತ್ತೊಂದು ಉದ್ದನೆಯ ಗೆರೆ. ಬಿಚ್ಚುತ್ತ ಹೋದಂತೆ ಕಡೆಗೆ ಉಳಿಯುವುದು ಎರಡು ತುಂಡು ಬಟ್ಟೆ. ಕತ್ತರಿ ಹಿಡಿಯಬೇಕಾದದ್ದು ಅಲ್ಲಿಂದ. ಸೂಜಿ ಮುಟ್ಟದೆ ಮಾಡುವ ಈ ಬಿಚ್ಚಾಟ ನನಗೆ ಹೊಲಿಯುವುದಕ್ಕಿಂತಲೂ ಪ್ರಿಯ.

ಇದನ್ನು ಕಲಿಯಲು ಅಮೆರಿಕದ ‘ಲಾಗ್ ಕ್ಯಾಬಿನ್’ ಹೇಳಿ ಮಾಡಿಸಿದ ಮಾದರಿ. 1860ರ ದಶಕದಲ್ಲಿ ಅಲ್ಲಿ ಬಹಳ ಜನಪ್ರಿಯವಾಯಿತು. ನಡುವೆ ಪುಟ್ಟ ಚೌಕ, ಅನೇಕ ಸಲ ಕೆಂಪು. ಮನೆಯ ಒಲೆಯ ಗುರುತು ಎನ್ನುತ್ತಾರೆ. ಸುತ್ತಲೂ ಪಟ್ಟಿಗಳು, ಎರಡು ಬದಿಗೆ ತಿಳಿ ಬಣ್ಣ, ಎರಡು ಬದಿಗೆ ಗಾಢ. ಯಾವ ಪಟ್ಟಿ ಮೊದಲು ಕೂತಿತು, ಯಾವುದು ಆಮೇಲೆ? ಉದ್ದವೇ ಹೇಳುತ್ತದೆ. ಚೌಕ 2 ಇಂಚು, ಪಟ್ಟಿಯ ಅಗಲ 1 ಇಂಚು ಅಂತಿಟ್ಟುಕೊಳ್ಳಿ. ಮೊದಲ ಪಟ್ಟಿ ಚೌಕದಷ್ಟೇ ಉದ್ದ, 2 ಇಂಚು. ಎರಡನೆಯದು ಆ ಪಟ್ಟಿಯ ತಲೆಯನ್ನೂ ಮುಚ್ಚಬೇಕು, 3. ಮೂರನೆಯದೂ 3, ನಾಲ್ಕನೆಯದು 4. ಮುಂದಿನ ಸುತ್ತು 4, 5, 5, 6. ಹೀಗಾಗಿ ಒಳಸುತ್ತಿನಲ್ಲಿ ಎಲ್ಲಕ್ಕಿಂತ ಗಿಡ್ಡ ಪಟ್ಟಿಯನ್ನು ಕಂಡುಹಿಡಿದರೆ ಹೊಲಿದವಳ ಕೈ ಎಲ್ಲಿ ಶುರುವಾಯಿತು, ಎಡಕ್ಕೆ ತಿರುಗಿತೋ ಬಲಕ್ಕೆ ತಿರುಗಿತೋ, ಎಲ್ಲ ತಿಳಿದುಬಿಡುತ್ತದೆ. ನೂರೈವತ್ತು ವರ್ಷದ ಹಿಂದೆ ಯಾರದೋ ಮನೆಯಲ್ಲಿ ಆದ ಕೆಲಸ ಹೀಗೆ ಒಂದೊಂದೇ ಪಟ್ಟಿಯಾಗಿ ಕಣ್ಣೆದುರು ನಡೆಯುವಾಗ ಆಗುವ ಸಂತೋಷ ದೊಡ್ಡದು.

ಚಿತ್ರದಲ್ಲಿ ಇಂಚುಗಳಿರುವುದಿಲ್ಲ, ಪ್ರಮಾಣವಷ್ಟೇ ಇರುತ್ತದೆ. ಅದು ಸಾಕು. ಚೌಕಕ್ಕೆ ಪಟ್ಟಿ ಅರ್ಧವೋ ಮೂರನೇ ಒಂದು ಪಾಲೋ ಎಂದು ನೋಡಿ ಗ್ರಾಫ್ ಹಾಳೆಯ ಮೇಲೆ ಬರೆದುಕೊಂಡರೆ ಅಳತೆ ನಮ್ಮ ಕೈಯಲ್ಲೇ ಇದೆ. ಹೊಲಿಗೆಗೆಂದು ನಾಲ್ಕೂ ಬದಿಗೆ ಕಾಲಿಂಚು ಬಿಡಬೇಕು, ಅಂದರೆ 1 ಇಂಚಿನ ಪಟ್ಟಿಯನ್ನು ಒಂದೂವರೆ ಇಂಚಿಗೆ ಕತ್ತರಿಸಬೇಕು. ತ್ರಿಕೋನ ಬಂದರೆ ಮಾತ್ರ ಲೆಕ್ಕ ಬೇರೆ. ಓರೆ ಬದಿಯ ಹೊಲಿಗೆ ಹೆಚ್ಚು ಬಟ್ಟೆ ನುಂಗುತ್ತದೆ. ಎರಡು ತ್ರಿಕೋನ ಸೇರಿ 3 ಇಂಚಿನ ಚೌಕವಾಗಬೇಕಾದರೆ 3⅞ ಇಂಚಿನ ಚೌಕವನ್ನು ಕರ್ಣದಗುಂಟ ಕತ್ತರಿಸಬೇಕು. ಹೂವಿನ ಬಟ್ಟೆ, ಗೀರಿನ ಬಟ್ಟೆ ತುಂಬಿದ ಚಿತ್ರದಲ್ಲಿ ಮಾದರಿಯೇ ಕಾಣದಿದ್ದರೆ ಫೋನಿನಲ್ಲಿ ಅದನ್ನು ಕಪ್ಪು-ಬಿಳುಪು ಮಾಡಿ ನೋಡಿ. ಬಣ್ಣದ ಗದ್ದಲ ಇಳಿದು ತಿಳಿ-ಗಾಢಗಳ ನಕ್ಷೆ ಮೇಲೇಳುತ್ತದೆ.

ಇಷ್ಟೆಲ್ಲ ಲೆಕ್ಕವನ್ನು ತಲೆಕೆಳಗು ಮಾಡುವ ಕೌದಿ ನಮ್ಮಲ್ಲೇ ಇದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ. ಚಿತ್ರದಲ್ಲಿ ನೋಡಿದರೆ ಅದೂ ಚೌಕದೊಳಗೆ ಚೌಕ. ಲಾಗ್ ಕ್ಯಾಬಿನ್ ಓದಿದ ಕಣ್ಣು ನಡುವಿನಿಂದಲೇ ಆರಂಭಿಸುತ್ತದೆ. ಇಲ್ಲಿ ನಡುವಿನದೇ ಕೊನೆಯ ತುಂಡು. ಅವರು ಹಳೆಯ ಸೀರೆಯೊಂದನ್ನು ಕೆಳಗೆ ಹಾಸಿ ಮೂಲೆಯಿಂದ ಶುರುಮಾಡುತ್ತಾರೆ. ಅಂಚಿನಗುಂಟ ತುಕಡಿ ಇಟ್ಟು, ಬಾಯಿ ಒಳಗೆ ಮಡಚಿ, ಕೆಳಗಿನ ಸೀರೆಗೂ ಸೇರಿಸಿ ಸಾದಾ ಹೊಲಿಗೆ ಹಾಕುತ್ತ ಒಳಮುಖವಾಗಿ ಸುತ್ತುತ್ತಾರೆ. ತುಕಡಿ ಜೋಡಿಸುವುದೂ ಪದರಗಳನ್ನು ಹಿಡಿದಿಡುವುದೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತದೆ. ಅಮೆರಿಕದ ಪದ್ಧತಿಯಲ್ಲಿ ಇವೆರಡೂ ಬೇರೆ ಬೇರೆ ಕೆಲಸ. ನಾಲ್ಕು ಮೂಲೆಗೆ ಮಡಚಿದ ತ್ರಿಕೋನದ ಹೂವು, ಅದಕ್ಕೆ ಫೂಲಾ ಎನ್ನುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಪೂರ್ತಿಯಾದದ್ದೇ ಅಲ್ಲ.

ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟರೆ ಗುರುತಿಸುವುದು ಹೇಗೆ? ಧಾರವಾಡದ ಕಡೆಯ ನಮ್ಮ ದೊಡ್ಡವ್ವ ಹಳೇ ಧೋತರ, ಕುಬಸದ ಖಣ ಕೂಡಿಸಿ ಕೌದಿ ಹೊಲಿಯುವಾಗ ಹೇಳುತ್ತಿದ್ದ ಮಾತು ಇಲ್ಲಿ ನೆರವಿಗೆ ಬರುತ್ತದೆ: “ಯಾವ ತುಕಡಿ ಮ್ಯಾಲೈತಿ, ಯಾವದು ಕೆಳಗೈತಿ, ಮೊದಲ ಅದನ್ನ ನೋಡವಾ.” ಚಿತ್ರವನ್ನು ದೊಡ್ಡದು ಮಾಡಿ ನಡುವಿನ ಚೌಕದ ಅಂಚು ನೋಡುತ್ತೇನೆ. ಅದರ ನಾಲ್ಕೂ ಬದಿ ಮಡಿಕೆ ಬಿದ್ದು ಅಕ್ಕಪಕ್ಕದವುಗಳ ಮೇಲೆ ಕೂತಿದೆಯೇ, ಮಡಿಕೆಯ ನೆರಳು ಹೊರಗಡೆಗೆ ಬಿದ್ದಿದೆಯೇ? ಹಾಗಿದ್ದರೆ ಅದು ಎಲ್ಲ ಮುಗಿದ ಮೇಲೆ ಬಂದದ್ದು. ಕೌದಿ ಹೊರಗಿನಿಂದ ಒಳಗೆ ಬೆಳೆದಿದೆ. ಇಲ್ಲಿ ಕತ್ತರಿಗೆ ಮುಂಚೆ ಅಳತೆ ಬೇಕಿಲ್ಲ. ಸುತ್ತು ಸಾಗಿದಂತೆ ಉಳಿದ ಜಾಗಕ್ಕೆ ಸರಿಹೋಗುವ ತುಕಡಿಯನ್ನು ಆರಿಸಿಕೊಳ್ಳಬೇಕು. ಅಂಥ ಚಿತ್ರಕ್ಕೆ ನಾನು ಗ್ರಾಫ್ ಹಾಳೆ ತೆಗೆಯುವುದಿಲ್ಲ. ಬಟ್ಟೆಯ ಗಂಟನ್ನೇ ಬಿಚ್ಚಿ ಪಕ್ಕಕ್ಕಿಟ್ಟುಕೊಳ್ಳುತ್ತೇನೆ.

ಅಲಬಾಮಾದ ಗೀಸ್ ಬೆಂಡ್ ಊರಿನ ಕಪ್ಪು ಹೆಂಗಸರದು ಇನ್ನೊಂದು ಬಗೆ. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಕ್ವಿಲ್ಟ್‌ಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು. ಅವರ ‘ಹೌಸ್‌ಟಾಪ್’ ಮಾದರಿಯೂ ಚೌಕದೊಳಗೆ ಚೌಕವೇ, ಆದರೆ ನಡುವಿನಿಂದ ಹೊರಕ್ಕೆ. ದುಡಿದು ಸವೆದ ಉಡುಪಿನ ಪಟ್ಟಿಗಳಾದ್ದರಿಂದ ಅಗಲ ಒಂದೇ ಸಮ ಇರುವುದಿಲ್ಲ, ಗೆರೆಗಳು ಬಳುಕುತ್ತವೆ. ಅಲ್ಲಿ ಪ್ರಮಾಣದ ಲೆಕ್ಕ ಸೋಲುತ್ತದೆ, ಮೂಲೆಗಳು ಕೈಬಿಡುವುದಿಲ್ಲ. ಯಾವ ಪಟ್ಟಿ ತುದಿಯವರೆಗೂ ಹರಿದು ಪಕ್ಕದ್ದರ ತಲೆ ಮುಚ್ಚಿದೆಯೋ ಅದು ಆಮೇಲಿನದು.

ಯಾರಾದರೂ ಚಿತ್ರ ಕಳಿಸಿ “ಇದನ್ನು ಹೊಲಿಯೋದು ಹೇಗೆ ಹೇಳ್ರಿ” ಅಂದರೆ ನಾನು ಹಿಂಬದಿಯದೂ ಒಂದು ಫೋಟೋ ಕೇಳುತ್ತೇನೆ. ಜೋಡಿಸಿ ಆಮೇಲೆ ಅಸ್ತರಿ ಕೊಟ್ಟದ್ದಾದರೆ ತುಂಡುಗಳ ಜೋಡಣೆ ಅಲ್ಲಿ ಕಾಣದು. ಕವಂದಿಯಾದರೆ ಪ್ರತಿಯೊಂದು ಹೊಲಿಗೆಯೂ ಆ ಬದಿಗೆ ಮೂಡಿರುತ್ತದೆ. ಒಂದೇ ಬಣ್ಣದ ಸೀರೆಯ ಮೇಲೆ ಸುತ್ತು ಸುತ್ತಾಗಿ ದಾರದ ದಾರಿ. ತುಕಡಿಗಳ ಬಣ್ಣ ಅಡ್ಡ ಬರುವುದಿಲ್ಲ.